ಅಪ್ಪನ ಮಗಳೆಂದು ಸಾಬೀತು ಮಾಡುವುದು

ಅಸ್ಸಾಮಿನ ಒಬ್ಬ ಬಡ ಹೆಣ್ಣುಮಗಳು ತಾನು ಭಾರತೀಯಳೆಂದು ತೋರಿಸಲು ಹದಿನೈದು ದಾಖಲೆಗಳನ್ನು ಮುಂದಿಟ್ಟಿದ್ದಳು. ಅಪ್ಪನ ಹೆಸರಿದ್ದ ಹಳೆಯ ಮತದಾರರ ಪಟ್ಟಿ, ಕಂದಾಯ ಕಟ್ಟಿದ ರಸೀದಿ, ಪ್ಯಾನ್ ಕಾರ್ಡ್, ಬ್ಯಾಂಕಿನ ಕಾಗದಪತ್ರ ಎಲ್ಲವೂ ಅದರಲ್ಲಿದ್ದವು. ಇವು ಸಾಲವು ಎಂದು 2020ರ ಫೆಬ್ರುವರಿಯಲ್ಲಿ ಗೌಹಾಟಿ ಹೈಕೋರ್ಟ್ ಹೇಳಿತು. ಪಟ್ಟಿಯಲ್ಲಿರುವ ಆ ಅಪ್ಪನಿಗೆ ಈಕೆ ಮಗಳೇ ಎಂಬುದಕ್ಕೆ ಒಪ್ಪುವಂಥ ದಾಖಲೆ ಸಿಗದೆ ಪ್ರಕರಣ ಬಿದ್ದುಹೋಯಿತು.

ಮಗಳು ಮಗಳೆಂಬುದಕ್ಕೆ ಕಾಗದ ಎಲ್ಲಿಂದ ಬರಬೇಕು? ಹೆರಿಗೆ ಮನೆಯಲ್ಲೇ ಆಗಿದೆ, ಜನನ ಪತ್ರವಿಲ್ಲ. ಶಾಲೆಯ ಮೆಟ್ಟಿಲು ಹತ್ತಿಲ್ಲ. ಮತ ಹಾಕುವ ವಯಸ್ಸಿಗೆ ಮೊದಲೇ ಮದುವೆಯಾಗಿ ಬೇರೆ ಊರು ಸೇರಿದ್ದಾಳೆ. ಪಟ್ಟಿಯಲ್ಲಿ ಅವಳ ಹೆಸರು ಮೊದಲ ಸಲ ಮೂಡುವುದೇ ಗಂಡನ ಹೆಸರಿನ ಜೊತೆ. ಅವಳಿಗೂ ತವರಿಗೂ ನಡುವೆ ಉಳಿಯುವ ಒಂದೇ ಕೊಂಡಿ ಗ್ರಾಮ ಪಂಚಾಯಿತಿ ಕಾರ್ಯದರ್ಶಿ ಕೊಡುವ ಪ್ರಮಾಣಪತ್ರ. ಪರಿಶೀಲಿಸಿ ಅದನ್ನು ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆದರೆ ಯಾರು ವಿದೇಶಿ ಎಂದು ತೀರ್ಮಾನಿಸುವ ವಿದೇಶಿಯರ ನ್ಯಾಯಮಂಡಳಿಯ ಮುಂದೆ, ಪತ್ರ ಕೊಟ್ಟವರು ಖುದ್ದಾಗಿ ಬಂದು ಸಾಕ್ಷಿ ಹೇಳದಿದ್ದರೆ ಅದು ಬರೀ ಹಾಳೆ. ಶಾಲಾ ಪ್ರಮಾಣಪತ್ರವಿದ್ದವರಿಗೂ ಇದೇ ಪಾಡು. ಮುಖ್ಯೋಪಾಧ್ಯಾಯರು ದಾಖಲಾತಿ ರಿಜಿಸ್ಟರ್ ಹಿಡಿದು ಬರಬೇಕು. ಕೂಲಿ ಬಿಟ್ಟು ಅಲೆಯುವ ಹೆಂಗಸು ಹೆಡ್‌ಮಾಸ್ತರರನ್ನು ಹೇಗೆ ಕರೆತಂದಾಳು?

ಕಳವಿನ ಆರೋಪ ಹೊತ್ತವನ ತಪ್ಪನ್ನು ಪೊಲೀಸರು ಸಾಬೀತು ಮಾಡಬೇಕು. ವಿದೇಶಿ ಎಂಬ ಶಂಕೆ ಬಿದ್ದರೆ ಅಲ್ಲವೆಂದು ತೋರಿಸುವ ಹೊಣೆ ಆ ವ್ಯಕ್ತಿಯದೇ. ಬ್ರಿಟಿಷರ ಕಾಲದ 1946ರ ವಿದೇಶಿಯರ ಕಾಯ್ದೆಯ 9ನೇ ಕಲಮು ಹೀಗೆ ಹೇಳುತ್ತಿತ್ತು. ಅದರ ಜಾಗಕ್ಕೆ 2025ರಲ್ಲಿ ಬಂದ ಕಾಯ್ದೆಯೂ ಈ ಹೊಣೆಯನ್ನು ಹಾಗೇ ಇಟ್ಟುಕೊಂಡಿದೆ. ಅಸ್ಸಾಮಿನಲ್ಲಿ ಮಾತ್ರ ಜಾರಿಯಲ್ಲಿದ್ದ 1983ರ ಕಾನೂನಿನಲ್ಲಿ ಈ ಭಾರ ಆಪಾದಿತರ ಮೇಲಿರಲಿಲ್ಲ. ಅಕ್ರಮ ವಲಸಿಗರ ಪತ್ತೆಗೇ ಅದು ಅಡ್ಡಿ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ರದ್ದುಮಾಡಿತು.

ಅಸ್ಸಾಮಿಗರ ಆತಂಕ ಸುಳ್ಳಲ್ಲ. ನುಡಿ, ನೆಲ ಕೈತಪ್ಪುವ ಭಯದಿಂದ ಆರು ವರ್ಷ ಚಳವಳಿ ನಡೆದು, 1985ರ ಒಪ್ಪಂದದಲ್ಲಿ ಹೊರಗಿನಿಂದ ಬಂದವರಿಗೆ 1971ರ ಮಾರ್ಚ್ 24ರ ಗಡುವು ಗೊತ್ತಾಯಿತು. ಆ ಗಡುವಿನ ಆಧಾರದ ಮೇಲೆ ತಯಾರಾಗಿ 2019ರ ಆಗಸ್ಟ್ 31ರಂದು ಹೊರಬಂದ ಅಸ್ಸಾಮಿನ ಪೌರತ್ವ ನೋಂದಣಿ ಪಟ್ಟಿಯಿಂದ 19,06,657 ಜನ ಹೊರಗುಳಿದರು. ಗಡುವು ಇರಬಾರದೆಂದು ಯಾರೂ ವಾದಿಸಬೇಕಿಲ್ಲ. ಬ್ರಹ್ಮಪುತ್ರ ವರ್ಷವರ್ಷ ದಂಡೆ ಕೊರೆದು ಮನೆ, ಹೊಲ, ಪೆಟ್ಟಿಗೆಯ ಕಾಗದ ಎಲ್ಲವನ್ನೂ ಒಯ್ಯುವ ನಾಡಿನಲ್ಲಿ ಅರ್ಧ ಶತಮಾನದ ಹಿಂದಿನ ಹಾಳೆಯನ್ನು ತಾ ಎನ್ನುವ ಬಗೆ ಮಾತ್ರ ತಪ್ಪು.

ಹಾಳೆ ಸಿಕ್ಕರೂ ಹೆಸರಿನ ಪಾಡು ಬೇರೆ. ಒಂದು ಪಟ್ಟಿಯಲ್ಲಿ ಅಲಿ, ಇನ್ನೊಂದರಲ್ಲಿ ಆಲಿ. ಒಂದರಲ್ಲಿ ಖಾತೂನ್, ಮತ್ತೊಂದರಲ್ಲಿ ಬೇಗಂ. ಕರ್ನಾಟಕದ ಮನೆಗಳಲ್ಲೂ ರೇಷನ್ ಕಾರ್ಡಿನ ನಿಂಗವ್ವ ಆಧಾರಿನಲ್ಲಿ ನಿಂಗಮ್ಮ ಆಗಿರುತ್ತಾಳೆ. ಮೇಷ್ಟ್ರು ಬರೆದುಕೊಂಡ ಜೂನ್ 1 ಎಷ್ಟೋ ಜನರ ಹುಟ್ಟಿದ ದಿನ. ಇಲ್ಲಿ ಇಂಥ ವ್ಯತ್ಯಾಸ ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆಸುತ್ತದೆ. ಅಸ್ಸಾಮಿನಲ್ಲಿ ಅದೇ ಗೋಲ್ಪಾರಾದ ಬಂಧನ ಶಿಬಿರಕ್ಕೆ ಕಳಿಸಬಹುದು. 2019ರಲ್ಲಿ, ಸೇನೆಯಲ್ಲಿ ಮೂರು ದಶಕ ದುಡಿದು ನಿವೃತ್ತರಾದ ಅಧಿಕಾರಿಯನ್ನೇ ವಿದೇಶಿ ಎಂದು ಸಾರಿ ಗೋಲ್ಪಾರಾದಲ್ಲಿ ಕೂಡಿಹಾಕಿದ್ದರು. ಹೈಕೋರ್ಟ್ ಜಾಮೀನು ಕೊಟ್ಟ ಮೇಲೆ ಅವರು ಹೊರಬಂದರು.

2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊನೆಗೂ ಒಂದು ನೆಟ್ಟನೆಯ ಮಾತು ಹೇಳಿತು. ಯಾರದೋ ಬಾಗಿಲು ತಟ್ಟಿ, ನೀನು ವಿದೇಶಿ ಎಂಬ ಶಂಕೆಯಿದೆ, ಅಲ್ಲವೆಂದು ತೋರಿಸು ಎಂದರೆ ಆಗದು. ಶಂಕೆಗೆ ಆಧಾರ ಇರಬೇಕು, ಅದನ್ನು ಆ ವ್ಯಕ್ತಿಗೆ ಕೊಡಬೇಕು. ಕಾಗುಣಿತದ ಸಣ್ಣಪುಟ್ಟ ತಪ್ಪಿಗೆ ಪೌರತ್ವ ಕಸಿಯುವಂತಿಲ್ಲ. ನಲ್ಬಾರಿಯ ನ್ಯಾಯಮಂಡಳಿ 2012ರಲ್ಲಿ ಏಕಪಕ್ಷೀಯವಾಗಿ ವಿದೇಶಿ ಎಂದಿದ್ದ ವ್ಯಕ್ತಿ ಭಾರತೀಯನೇ ಎಂದು ಪೀಠ ಘೋಷಿಸಿತು. ಅಷ್ಟರಲ್ಲಿ ಆತ ತೀರಿಕೊಂಡು ಎರಡು ವರ್ಷ ದಾಟಿತ್ತು.

ಆ ತೀರ್ಪನ್ನು ಪ್ರತಿ ನೋಟಿಸಿಗೂ ಅನ್ವಯಿಸಬೇಕು. ಶಂಕೆಗೆ ಕಾರಣವೇನೆಂದು ಬರೆಯದ ಪ್ರಕರಣವನ್ನು ನ್ಯಾಯಮಂಡಳಿ ಅಂದೇ ವಾಪಸು ಕಳಿಸಲಿ. ಸಾಕ್ಷಿಯನ್ನು ಕರೆಸಲು ಸಿವಿಲ್ ಕೋರ್ಟಿಗಿರುವ ಅಧಿಕಾರ ಅದಕ್ಕೂ ಇದೆ. ಶಾಲೆಯ ರಿಜಿಸ್ಟರನ್ನೂ ಪಂಚಾಯಿತಿ ಕಾರ್ಯದರ್ಶಿಯನ್ನೂ ಸರ್ಕಾರದ ಖರ್ಚಿನಲ್ಲಿ ಅದೇ ಕರೆಸಲಿ.