ಹುಲಜಂತಿಯಿಂದ ಮುಳೇಗಾಂವ ತಾಂಡಾದವರೆಗೆ: ವ್ಯಸನಮುಕ್ತಿಗೆ ಗಡಿನಾಡಿನ ದಾರಿ



ದೀಪಾವಳಿ ಅಮಾವಾಸ್ಯೆಗೆ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ಮಾಳಿಂಗರಾಯನ ಜಾತ್ರೆ ಕೂಡುತ್ತದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ, ವಿಜಯಪುರ, ಎಲ್ಲ ಕಡೆಯಿಂದಲೂ ಜನ ಬರುತ್ತಾರೆ. ಪಲ್ಲಕ್ಕಿಗಳ ಭೇಟಿ, ಡೊಳ್ಳಿನ ಸಪ್ಪಳ, ಮೈತುಂಬ ಭಂಡಾರ. ಆ ದಿನ ಯಾರು ಮಹಾರಾಷ್ಟ್ರದವರು, ಯಾರು ಕರ್ನಾಟಕದವರು ಎಂದು ಯಾರೂ ಕೇಳುವುದಿಲ್ಲ.

ಸಾರಾಯಿ, ಗುಟ್ಕಾ ಮತ್ತು ಈಗ ಹೊಸದಾಗಿ ಬಂದಿರುವ ಮಾದಕ ಪುಡಿಯೂ ಗಡಿ ಕೇಳುವುದಿಲ್ಲ. ಗಡಿ ಕೇಳುವುದು ಕಾನೂನು ಮತ್ತು ಇಲಾಖೆ ಮಾತ್ರ. ಇವೆರಡರ ನಡುವಿನ ಸಂದಿಯಲ್ಲಿ ನಮ್ಮ ಹುಡುಗರು ಸಿಕ್ಕಿಬಿದ್ದಿದ್ದಾರೆ. ಈ ಸಲದ ಪತ್ರಿಕೆಯಲ್ಲಿ ಅದರ ಬಗ್ಗೆ ಒಂದಿಷ್ಟು ಮನಬಿಚ್ಚಿ ಮಾತಾಡೋಣ.

ಸುದ್ದಿ ಮನೆ ಬಾಗಿಲಿಗೆ ಬಂದಿದೆ

2023ರ ಅಕ್ಟೋಬರ್‌ನಲ್ಲಿ ಮುಂಬಯಿ ಪೊಲೀಸರು ಸೊಲ್ಲಾಪುರ ಪಕ್ಕದ ಚಿಂಚೋಳಿ ಎಂಐಡಿಸಿಯಲ್ಲಿ ಒಂದು ಕಾರ್ಖಾನೆಯ ಮೇಲೆ ದಾಳಿ ಮಾಡಿದರು. ಅಲ್ಲಿ ತಯಾರಾಗುತ್ತಿದ್ದುದು ಮೆಫೆಡ್ರೋನ್, ಅಂದರೆ ಬಾಯಿಮಾತಿನ 'ಎಂಡಿ'. ಸಿಕ್ಕ ಮಾಲಿನ ಬೆಲೆ ಸುಮಾರು 16 ಕೋಟಿ ರೂಪಾಯಿ. 2025ರ ಫೆಬ್ರುವರಿಯಲ್ಲಿ ಅದೇ ಎಂಡಿಯ ಪ್ರಕರಣ ತುಳಜಾಪುರದಲ್ಲಿ ಹೊರಬಿತ್ತು. ಸೀಗಿ ಹುಣ್ಣಿಮೆಗೆ ಸೊಲ್ಲಾಪುರದಿಂದ ನಾವು ಕಾಲ್ನಡಿಗೆಯಲ್ಲಿ ಹೋಗುವ ಅಂಬಾಭವಾನಿಯ ಊರು ಅದು. ಪ್ರಕರಣ ನ್ಯಾಯಾಲಯದಲ್ಲಿರುವುದರಿಂದ ತಪ್ಪಿತಸ್ಥರು ಯಾರೆಂಬುದನ್ನು ನ್ಯಾಯಾಲಯವೇ ಹೇಳಲಿ. ಆದರೆ 'ಅದೆಲ್ಲ ಮುಂಬಯಿ, ಪುಣೆಯ ರೋಗ' ಎಂದು ನಾವು ಇನ್ನು ಸುಮ್ಮನಿರುವಂತಿಲ್ಲ.

ಹಾಗೆಂದು ಲೆಕ್ಕ ತಪ್ಪಬಾರದು. ನಮ್ಮ ಊರುಗಳಲ್ಲಿ ಮನೆ ಮುರಿಯುತ್ತಿರುವುದು ಹೆಚ್ಚಾಗಿ ಕುಡಿತ. ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಕುಡಿತಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬನಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಗುತ್ತದೆ. ಉಳಿದ 37 ಜನರನ್ನು ಸಂಭಾಳಿಸುವವರು ಅವರ ಹೆಂಡತಿ, ತಾಯಿ, ಮಕ್ಕಳು.

ಮುಳೇಗಾಂವ ತಾಂಡಾ ಹೇಳುವ ಪಾಠ

ಇದಕ್ಕೆ ಉತ್ತರವೂ ನಮ್ಮ ಜಿಲ್ಲೆಯಲ್ಲೇ ಸಿಕ್ಕಿದೆ. ದಕ್ಷಿಣ ಸೊಲ್ಲಾಪುರ ತಾಲೂಕಿನ ಮುಳೇಗಾಂವ ತಾಂಡಾ ಎಂದರೆ ಹಾತಭಟ್ಟಿ ಸಾರಾಯಿಗೆ ಹೆಸರಾದ ಜಾಗ. ಪೊಲೀಸರು ಬರುವುದು, ಭಟ್ಟಿ ಒಡೆಯುವುದು, ಕೇಸು ಹಾಕುವುದು, ಎಂಟು ದಿನಕ್ಕೆ ಮತ್ತೆ ಒಲೆ ಹೊತ್ತುವುದು. ವರ್ಷಗಟ್ಟಲೆ ನಡೆದದ್ದು ಇದೇ.

2021ರಲ್ಲಿ ಸೊಲ್ಲಾಪುರ ಗ್ರಾಮೀಣ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದ ತೇಜಸ್ವಿ ಸಾತಪುತೆ ಅವರು 'ಆಪರೇಷನ್ ಪರಿವರ್ತನ' ಆರಂಭಿಸಿದರು. ಸಾರಾಯಿ ತಯಾರಾಗುವ ಊರುಗಳನ್ನು ಗುರುತಿಸಿ, ಒಂದೊಂದು ಊರನ್ನು ಒಬ್ಬೊಬ್ಬ ಅಧಿಕಾರಿ ದತ್ತು ತೆಗೆದುಕೊಂಡರು. ತಿಳಿವಳಿಕೆ, ಸಮಾಲೋಚನೆ, ಬೇರೆ ದುಡಿಮೆ, ಕ್ರಮ, ಈ ನಾಲ್ಕನ್ನೂ ಒಟ್ಟಿಗೆ ನಡೆಸಿದರು. ಭಟ್ಟಿ ಬಿಟ್ಟ ಕುಟುಂಬಗಳಿಗೆ ಬೇರೆ ಕೆಲಸ ಮತ್ತು ಸರಕಾರಿ ಯೋಜನೆಗಳ ನೆರವು ಕೊಡಿಸುವುದು ಇದರ ತಿರುಳು.

ಪಾಠ ಸರಳವಾಗಿದೆ. ಭಟ್ಟಿ ಒಡೆದರೆ ಒಲೆ ಆರುತ್ತದೆ, ಆದರೆ ಹೊಟ್ಟೆಯ ಬೆಂಕಿ ಆರುವುದಿಲ್ಲ. ಹೊಟ್ಟೆಗೆ ಬೇರೆ ದಾರಿ ತೋರಿಸಿದರೆ ಮಾತ್ರ ಮಾತು ನಿಲ್ಲುತ್ತದೆ. ಹೆಂಡ ಮಾರುವ ಕಾಯಕದಲ್ಲಿದ್ದ ಮಾರಯ್ಯ ಶರಣನಾಗಿ ವಚನ ಬರೆದ ಪರಂಪರೆ ನಮ್ಮದು. ಮಾರುವವನೂ ಬದಲಾಗಬಲ್ಲ ಎಂಬುದು ಸಿದ್ಧರಾಮನ ಈ ನಾಡಿಗೆ ಹೊಸ ಮಾತಲ್ಲ. ಆದರೆ ಇಂಥ ಕೆಲಸ ಒಬ್ಬ ಅಧಿಕಾರಿಯ ವರ್ಗಾವಣೆಯೊಂದಿಗೆ ಸಡಿಲಾಗಬಾರದು. ಅದನ್ನು ಹಿಡಿದು ನಿಲ್ಲಿಸುವುದು ಊರಿನ ಜವಾಬ್ದಾರಿ.

ಅಡ್ಡ ಬಾಟ್ಲಿಯ ಬಲ, ಗಡಿಯ ಮಿತಿ

ಮಹಾರಾಷ್ಟ್ರದಲ್ಲಿ ನಮ್ಮ ತಾಯಂದಿರ ಕೈಯಲ್ಲಿ ಒಂದು ದೊಡ್ಡ ಅಸ್ತ್ರವಿದೆ. ಊರಿನ ಮಹಿಳಾ ಮತದಾರರಲ್ಲಿ ಶೇ. 25ರಷ್ಟು ಮಂದಿ ಲಿಖಿತವಾಗಿ ಕೇಳಿದರೆ, ಪರವಾನಗಿ ಇರುವ ಮದ್ಯದಂಗಡಿಯ ಬಗ್ಗೆ ಗುಪ್ತ ಮತದಾನ ನಡೆಸಬೇಕು. ಚಿಹ್ನೆ ಎರಡು: ನಿಂತ ಬಾಟ್ಲಿ, ಅಡ್ಡ ಬಾಟ್ಲಿ. ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಡ್ಡ ಬಾಟ್ಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು. ಮತ ಹಾಕಲು ಬಂದವರಲ್ಲಿ ಅರ್ಧವಲ್ಲ, ಪಟ್ಟಿಯಲ್ಲಿರುವವರಲ್ಲಿ ಅರ್ಧ ಎಂಬುದನ್ನು ಗಮನಿಸಿ. ಕಬ್ಬು ಕಡಿಯಲು ಹೋದವರ ಹೆಸರೂ ಪಟ್ಟಿಯಲ್ಲಿರುತ್ತದೆ. ಆದ್ದರಿಂದ ದುಡಿಯಲು ಹೋದವರು ಊರಿಗೆ ಮರಳಿದ ಮೇಲೆ ಮತದಾನ ಬರುವಂತೆ ನೋಡಿಕೊಳ್ಳುವುದೇ ಜಾಣತನ.

ಕರ್ನಾಟಕದ ಕಥೆ ಬೇರೆ. ಅಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು, ಆದರೆ ಬೇರೆ ಮದ್ಯ ಮುಂದುವರಿಯಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋಗಿ ಕೇಳಿಕೊಳ್ಳಬೇಕಾಯಿತು.

ಗುಟ್ಕಾ ಮಹಾರಾಷ್ಟ್ರದಲ್ಲಿ 2012ರಿಂದ, ಕರ್ನಾಟಕದಲ್ಲಿ 2013ರಿಂದ ನಿಷೇಧ. ಆದರೂ ಗಡಿ ದಾಟಿ ಬಂದ ಗುಟ್ಕಾ ವಾಹನ ಹಿಡಿದ ಸುದ್ದಿ ನಮಗೆ ಹೊಸದಲ್ಲ. ಈಚೆಯ ಊರಿನವರು ಮತ ಹಾಕಿ ಅಂಗಡಿ ಮುಚ್ಚಿಸಿದರೂ ಆಚೆಯ ಅಂಗಡಿಗೆ ಮೋಟರ್‌ಸೈಕಲ್ ಮೇಲೆ ಹೋಗಿಬರಲು ಎಷ್ಟು ಹೊತ್ತು? ಎರಡೂ ಕಡೆಯ ಗ್ರಾಮಸಭೆಗಳು ಒಟ್ಟಿಗೆ ಕೂತು ಮಾತಾಡದೆ ಇದು ಬಗೆಹರಿಯುವುದಿಲ್ಲ. ಎರಡೂ ಕಡೆ ಬೀಗರಿರುವ ನಮಗೆ ಇದು ಕಷ್ಟವೇನಲ್ಲ.

ಜೋಳಿಗೆಯ ಜೊತೆ ವೈದ್ಯರೂ ಬೇಕು

ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ 'ನಿಮ್ಮ ದುಶ್ಚಟ ಭಿಕ್ಷೆ ಹಾಕಿರಿ' ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಕರ್ನಾಟಕದಲ್ಲಿ ವ್ಯಸನಮುಕ್ತ ದಿನ. ಪಂಢರಪುರದ ವಾರಿಗೆ ಹೋಗಿ ತುಳಸಿ ಮಾಲೆ ಹಾಕಿಕೊಂಡು ಕುಡಿತ ಬಿಟ್ಟವರು ನಮ್ಮ ಓಣಿ ಓಣಿಯಲ್ಲಿದ್ದಾರೆ. ನಾಲ್ಕು ಜನರ ಮುಂದೆ ಕೊಟ್ಟ ಮಾತಿಗೆ ದೊಡ್ಡ ಶಕ್ತಿಯಿದೆ.

ಆದರೆ ಒಂದು ಎಚ್ಚರಿಕೆ. ಅನೇಕ ವರ್ಷ ದಿನವೂ ವಿಪರೀತ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಕ, ಫಿಟ್ಸ್, ಭ್ರಮೆ ಬರಬಹುದು. ಜೀವಕ್ಕೂ ಅಪಾಯವಾಗಬಹುದು. ಇದನ್ನು ದೆವ್ವ, ಮಾಟ ಎಂದು ತಿಳಿದು ತಡಮಾಡಬೇಡಿ. ಸೊಲ್ಲಾಪುರದ ಸಿವ್ಹಿಲ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಮಗ ಎಂಡಿಗೋ ಗಾಂಜಾಕ್ಕೋ ಬಿದ್ದಿದ್ದಾನೆ, ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆ ಎಂಬ ಹೆದರಿಕೆ ಹಲವು ತಾಯಿತಂದೆಯರಿಗಿದೆ. ಮಾದಕ ದ್ರವ್ಯ ಕಾನೂನಿನ 64ಎ ಕಲಮು ಇಂಥವರಿಗಾಗಿಯೇ ಇದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಮಾತ್ರ ಪೂರ್ತಿ ಮಾಡಬೇಕು.

ನಮ್ಮ ಭಾಷೆ, ನಮ್ಮ ಕೆಲಸ

ಗೋಡೆಯ ಮೇಲಿನ ಘೋಷಣೆ ಮರಾಠಿಯಲ್ಲಿದೆ, ವಾಡಿಯ ತಾಯಿ ಅಳುವುದು ಕನ್ನಡದಲ್ಲಿ. ಆ ಅಂತರ ತುಂಬುವ ಕೆಲಸ ಕನ್ನಡ ಬಳಗದವರಾದ ನಮ್ಮದು. ಕವಿಗೋಷ್ಠಿ, ರಾಜ್ಯೋತ್ಸವ ನಡೆಯಲೇಬೇಕು. ಅದರ ಜೊತೆಗೆ ಇಷ್ಟನ್ನು ಮಾಡಬಹುದು:

1. ಪ್ರತಿ ಕನ್ನಡ ಶಾಲೆಯ ಪಾಲಕರ ಸಭೆಯಲ್ಲಿ ಅರ್ಧ ತಾಸು ಈ ವಿಷಯಕ್ಕೆ ಮೀಸಲಿಡುವುದು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಮಗುವಿನ ಕೈಗೆ ಮದ್ಯ, ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ 7 ವರ್ಷದವರೆಗೆ ಜೈಲು ಇದೆ. ಇದನ್ನು ಪಾನ್‌ಪಟ್ಟಿಯವರಿಗೂ ನಯವಾಗಿ ತಿಳಿಸುವುದು.

2. ಸಹಾಯವಾಣಿಗಳ ಸಂಖ್ಯೆಯನ್ನು ಕನ್ನಡದಲ್ಲಿ ಬರೆಸುವುದು. ವ್ಯಸನಮುಕ್ತಿಗೆ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಇದು ಕನ್ನಡವೂ ಸೇರಿ 20 ಭಾಷೆಗಳಲ್ಲಿದೆ. ಮಾದಕ ವಸ್ತು ಮಾರಾಟದ ಮಾಹಿತಿ ಕೊಡಲು 1933.

3. ಹುಲಜಂತಿ ಜಾತ್ರೆಯಲ್ಲಿ, ಸೊಲ್ಲಾಪುರದ ಗಡ್ಡಾ ಜಾತ್ರೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಕುಡಿತ ಬಿಟ್ಟ ಒಬ್ಬ ಹಿರಿಯರು. ಅವರಿಗಿಂತ ದೊಡ್ಡ ಉಪನ್ಯಾಸಕರು ಬೇಕಿಲ್ಲ.

ಗಡಿಯಲ್ಲಿ ಕನ್ನಡ ಉಳಿಯಬೇಕು ಎಂದು ನಾವು ದಶಕಗಳಿಂದ ಹೋರಾಡುತ್ತಿದ್ದೇವೆ. ಕನ್ನಡ ಆಡುವ ಹುಡುಗರು ಉಳಿದರೆ ಕನ್ನಡವೂ ಉಳಿದೀತು. ಬರುವ ಸಭೆಗೆ ನಿಮ್ಮ ಊರಿನಲ್ಲಿ ಈ ಕೆಲಸ ಹೊರುವ ಒಬ್ಬರ ಹೆಸರು ಬರೆದುಕೊಂಡು ಬನ್ನಿ.