ಜ್ವರವನ್ನು ಮುಚ್ಚಿಡುವುದೇಕೆ?

ಮಳೆಗಾಲ ಬಂತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣದ ಹೋಟೆಲುಗಳಲ್ಲಿ ಜ್ವರದ ಮಾತು ಕೇಳಿಬರುತ್ತದೆ. ಮೊದಲು ತಲೆನೋವು, ಆಮೇಲೆ ದಿನದಿಂದ ದಿನಕ್ಕೆ ಏರುವ ಜ್ವರ, ಹೊಟ್ಟೆನೋವು. ಔಷಧದಂಗಡಿಯ ಎರಡು ಗುಳಿಗೆ ನುಂಗಿ ಮಾಣಿ ಮತ್ತೆ ತಟ್ಟೆ ಹಿಡಿಯುತ್ತಾನೆ. ಮಲಗಿದ ದಿನಕ್ಕೆ ಪಗಾರವಿಲ್ಲವಲ್ಲ! ನಾವೂ ಹಾಗೆ ಹಿಡಿದವರೇ. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ.

ಈ ಜ್ವರ ಟೈಫಾಯಿಡ್ ಆಗಿದ್ದರೆ, ಅಂದರೆ ಹಿರಿಯರು ಹೇಳುವ ವಿಷಮಶೀತ ಜ್ವರವಾಗಿದ್ದರೆ, ಅದಕ್ಕೂ ಶೀತಕ್ಕೂ ಸಂಬಂಧವಿಲ್ಲ. ಸಾಲ್ಮೊನೆಲ್ಲಾ ಟೈಫಿ ಎಂಬ ರೋಗಾಣು ರೋಗಿಯ ಮಲದಿಂದ ನೀರಿಗೆ, ಕೈಗೆ, ಕೈಯಿಂದ ಅನ್ನಕ್ಕೆ ಬರುತ್ತದೆ. ಕುದಿಯುವ ಸಾಂಬಾರಿಗೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಹಸಿ ಚಟ್ನಿಗೆ, ಹೆಚ್ಚಿಟ್ಟ ಈರುಳ್ಳಿಗೆ, ತೊಳೆಯದ ಟಾಂಕಿಯ ನೀರಿಗೆ, ಸಾಬೂನಿಲ್ಲದ ಪಾಯಖಾನೆಗೆ. ಖಾನಾವಳಿಯಲ್ಲಿ ಉಣ್ಣುವ ಮಿಲ್ಲಿನ ಬಾಂಧವರಿಗೂ ಇದು ದೂರದ ಮಾತಲ್ಲ. ಔಷಧ ಸಿಗದೆ ಹೋದರೆ ಮೂರನೆಯ ವಾರದ ಹೊತ್ತಿಗೆ ಕರುಳು ತೂತಾಗಿ ಪ್ರಾಣಕ್ಕೇ ಬರಬಹುದು. ಮೂರು ದಿನ ಬಿಡದ ಜ್ವರವಿದ್ದರೆ ವೈದ್ಯರನ್ನು ಕಾಣಬೇಕು. ಔಷಧ ಶುರುಮಾಡುವ ಮೊದಲೇ ರಕ್ತದ ಕಲ್ಚರ್ ಪರೀಕ್ಷೆಯ ಬಗ್ಗೆ ಕೇಳಬೇಕು. ಜ್ವರ ಇಳಿಯಿತೆಂದು ಔಷಧವನ್ನು ಅರ್ಧಕ್ಕೆ ಬಿಡಬಾರದು.

ಗುಣವಾದ ಮೇಲೂ ಕೆಲವರ ಪಿತ್ತಕೋಶದಲ್ಲಿ ರೋಗಾಣು ಉಳಿದುಕೊಳ್ಳುತ್ತದೆ. ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡಿಗೆಯವಳಿದ್ದಳು, ನಮ್ಮಂತೆಯೇ ಊರು ಬಿಟ್ಟು ಬಂದವಳು. ಮೈಯಲ್ಲಿ ಜ್ವರವಿಲ್ಲ, ಆದರೆ ಅವಳು ದುಡಿದ ಮನೆಗಳಲ್ಲಿ ಟೈಫಾಯಿಡ್. 1907ರಲ್ಲಿ ಸರಕಾರದವರು ಹಿಡಿದು ದ್ವೀಪವೊಂದರಲ್ಲಿಟ್ಟರು. 1910ರಲ್ಲಿ, ಇನ್ನು ಅಡಿಗೆ ಮಾಡುವುದಿಲ್ಲವೆಂದು ಬರೆಸಿಕೊಂಡು ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಅಡಿಗೆಯಷ್ಟು ಸಂಬಳವಿರಲಿಲ್ಲ. ಹೆಸರು ಬದಲಿಸಿ ಮತ್ತೆ ಸೌಟು ಹಿಡಿದಳು. 1915ರಲ್ಲಿ ಹೆರಿಗೆ ಆಸ್ಪತ್ರೆಯೊಂದರ ಅಡಿಗೆಮನೆಯಲ್ಲಿ ಸಿಕ್ಕಿಬಿದ್ದಳು. 1938ರಲ್ಲಿ ಸಾಯುವವರೆಗೆ ದ್ವೀಪವೇ ಗತಿಯಾಯಿತು. ಅವಳ ತಪ್ಪನ್ನು ನಾವು ಮುಚ್ಚುವುದಿಲ್ಲ. ಆದರೆ ಸೌಟು ಕಸಿದುಕೊಂಡವರು ಹೊಟ್ಟೆಗೇನು ದಾರಿ ಮಾಡಿದರು?

ನಮ್ಮಲ್ಲೂ ಪ್ರಶ್ನೆ ಅದೇ. 2011ರ ಆಹಾರ ಸುರಕ್ಷತಾ ಲೈಸೆನ್ಸ್ ನಿಯಮಗಳ ಪ್ರಕಾರ ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆಯಾಗಬೇಕು, ಟೈಫಾಯಿಡ್ ಮುಂತಾದ ಕರುಳಿನ ರೋಗಗಳಿಗೆ ಚುಚ್ಚುಮದ್ದು ಹಾಕಿಸಿ ದಾಖಲೆ ಇಡಬೇಕು. ಇಂಥ ಕಾಯಿಲೆಯವರನ್ನು ಅಡಿಗೆಮನೆಗೆ ಬಿಡಬಾರದು. ಒಳ್ಳೆಯ ನಿಯಮ. ಹೊರಗೆ ನಿಲ್ಲಿಸಿದ ದಿನದ ಪಗಾರದ ಬಗ್ಗೆ ಮಾತ್ರ ಅದು ಚಕಾರವೆತ್ತುವುದಿಲ್ಲ.

ನವಿ ಮುಂಬಯಿ ಮಹಾನಗರಪಾಲಿಕೆ 2018ರಲ್ಲಿ ಟೈಫಾಯಿಡ್‌ನ ಹೊಸ ಲಸಿಕೆಯನ್ನು ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹಾಕಿತು. ಒಂಬತ್ತು ತಿಂಗಳಿಂದ 14 ವರ್ಷದವರೆಗಿನವರಿಗೆ, ಒಂದೇ ಚುಚ್ಚು. ಮೆಚ್ಚತಕ್ಕ ಕೆಲಸವೇ ಸರಿ. ಆ ಮಕ್ಕಳಿಗೆ ಇಡ್ಲಿ ಬಡಿಸುವ ಕೈಗಳು ಆ ಲೆಕ್ಕದಲ್ಲಿರಲಿಲ್ಲ. ಅವುಗಳ ಹೊಣೆ ಮಾಲೀಕರದು. ಲಸಿಕೆಯೊಂದೇ ಸಾಲದು, ಸಾಬೂನೂ ಬೇಕು ಎಂಬುದನ್ನೂ ಹೇಳಿಬಿಡುತ್ತೇವೆ.

ಇಎಸ್‌ಐ ವಂತಿಗೆ ಸರಿಯಾಗಿ ತುಂಬಿದ ಕೆಲಸಗಾರನಿಗೆ ವೈದ್ಯರ ಸರ್ಟಿಫಿಕೇಟಿನ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು ಹಣ ಸಿಗುತ್ತದೆ. ಹೆಸರು ನೋಂದಾಯಿಸದ ಮಾಣಿಗೆ ಅದೂ ಇಲ್ಲ. ಆದ್ದರಿಂದ ಬಾಂಧವರೇ, ಈ ವಾರ ಗಲ್ಲಾದ ಬಳಿ ಹೋಗಿ ಎರಡು ಮಾತು ಕೇಳಿರಿ: ನಮ್ಮ ಚುಚ್ಚುಮದ್ದಿನ ದಾಖಲೆ ಎಲ್ಲಿದೆ? ನಮ್ಮ ಇಎಸ್‌ಐ ನಂಬರು ಯಾವುದು? ಒಬ್ಬರೇ ಕೇಳಲು ಅಂಜಿಕೆಯಾದರೆ ಸಂಘದ ಕಚೇರಿಗೆ ಬನ್ನಿ, ಜೊತೆಗೆ ಬರುತ್ತೇವೆ.