ಹೊಗೆಯ ಮೂಲದಲ್ಲಿ ಸತ್ಯಾಗ್ರಹ

ಕೆಮ್ಮಿಗೆ ಔಷಧವನ್ನು ಕೊಡುವುದು ವೈದ್ಯನ ಕೆಲಸ. ಕೆಮ್ಮನ್ನು ತರುವ ಹೊಗೆಯನ್ನು ತಡೆಯುವುದು ಸಮಾಜದ ಕೆಲಸ. ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರು ಮೊದಲನೆಯದಕ್ಕೆ ಧಾರಾಳವಾಗಿ ವೆಚ್ಚ ಮಾಡುತ್ತಾರೆ. ಎರಡನೆಯದನ್ನು ಕುರಿತು ಆಲೋಚಿಸುವವರು ವಿರಳ.

ಭಾರತದ ವಿದ್ಯುತ್ತಿನಲ್ಲಿ ಹತ್ತರಲ್ಲಿ ಏಳು ಪಾಲಿನಷ್ಟು ಕಲ್ಲಿದ್ದಲಿನಿಂದ ಉತ್ಪತ್ತಿಯಾಗುತ್ತದೆ. ಕಲ್ಲಿದ್ದಲು ಉರಿದಾಗ ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡುಗಳು, ಪಾದರಸ ಹಾಗೂ 2.5 ಮೈಕ್ರಾನಿಗಿಂತ ಸಣ್ಣದಾದ ಕಣಗಳು ಗಾಳಿಯನ್ನು ಸೇರುತ್ತವೆ. ಈ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಪ್ರವೇಶಿಸಿ, ಉಬ್ಬಸ, ಹೃದ್ರೋಗ, ಪಾರ್ಶ್ವವಾಯುಗಳಿಗೆ ಕಾರಣವಾಗುತ್ತವೆ. ಗಂಧಕದ ಅನಿಲವು ಬಹುದೂರ ಸಾಗಿ, ದಾರಿಯಲ್ಲಿ ತಾನೇ ಸೂಕ್ಷ್ಮ ಕಣಗಳಾಗಿ ಮಾರ್ಪಡುವುದರಿಂದ, ಸ್ಥಾವರ ದೂರದಲ್ಲಿದೆಯೆಂಬ ಸಮಾಧಾನವೂ ಹುಸಿಯಾದುದು. ಇದನ್ನು ಹತೋಟಿಗೆ ತರಲು 2015ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ನಿಯಮಗಳನ್ನು ಹೊರಡಿಸಿ ಎರಡು ವರ್ಷಗಳ ಗಡುವನ್ನು ಕೊಟ್ಟಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಗಂಧಕದ ನಿಯಮದಿಂದಲೇ ವಿನಾಯಿತಿ ದೊರೆಯಿತು.

ಆಳುವವರು ಹೀಗೆ ಕೈಚೆಲ್ಲಿದಾಗ ಜನಸಾಮಾನ್ಯರಿಗೆ ಉಳಿಯುವ ದಾರಿ ಯಾವುದು? ಇದಕ್ಕೆ ಛತ್ತೀಸಗಢದ ಹಸ್‌ದೇವ್ ಅರಣ್ಯದ ಗೊಂಡ ಮೊದಲಾದ ಆದಿವಾಸಿಗಳು ಉತ್ತರವನ್ನು ಕೊಟ್ಟಿದ್ದಾರೆ. ಸುಮಾರು 1,70,000 ಹೆಕ್ಟೇರುಗಳ ಈ ಕಾಡಿನ ಕೆಳಗೆ ಕಲ್ಲಿದ್ದಲಿದೆ. 2010ರಲ್ಲಿ ಗಣಿಗಾರಿಕೆ ಸಲ್ಲದ ಪ್ರದೇಶವೆಂದು ಗುರುತಿಸಲ್ಪಟ್ಟಿದ್ದರೂ, 2013ರಲ್ಲಿ ಅಲ್ಲಿ ಗಣಿ ಆರಂಭವಾಯಿತು. ಹಲವು ಗ್ರಾಮಸಭೆಗಳ ವಿರೋಧ ನಿರ್ಣಯಗಳಿಗೆ ಬೆಲೆ ಸಿಗದಿದ್ದಾಗ, 2021ರ ಅಕ್ಟೋಬರಿನಲ್ಲಿ ಹಳ್ಳಿಗರು ರಾಯಪುರದವರೆಗೆ ಸುಮಾರು 300 ಕಿಲೋಮೀಟರು ಕಾಲ್ನಡಿಗೆಯಲ್ಲಿ ಹೋದರು. 2022ರ ಮಾರ್ಚಿನಲ್ಲಿ ಹರಿಹರಪುರದಲ್ಲಿ ಅನಿರ್ದಿಷ್ಟ ಕಾಲದ ಧರಣಿಗೆ ಕುಳಿತರು. ಕೊಡಲಿ ಬಂದಾಗ ಹೆಂಗಸರು ಮರಗಳನ್ನು ತಬ್ಬಿ ನಿಂತರು. ಆ ವರ್ಷದ ಜುಲೈನಲ್ಲಿ ರಾಜ್ಯದ ವಿಧಾನಸಭೆ ಅಲ್ಲಿನ ಗಣಿಗಳ ವಿರುದ್ಧ ಒಮ್ಮತದ ನಿರ್ಣಯವನ್ನು ಅಂಗೀಕರಿಸಿತು. 21 ಉದ್ದೇಶಿತ ಗಣಿಗಳು ರದ್ದಾದವು. ಚಳವಳಿಯ ಸಂಘಟಕ ಆಲೋಕ್ ಶುಕ್ಲಾ ಅವರಿಗೆ 2024ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು. ಆದರೂ ಗೆಲುವು ಪೂರ್ಣವಾಗಲಿಲ್ಲ. ಹಳೆಯ ಗಣಿಯ ವಿಸ್ತರಣೆಗಾಗಿ 2023ರ ಡಿಸೆಂಬರಿನಲ್ಲಿಯೂ 2024ರಲ್ಲಿಯೂ ಪೊಲೀಸರ ಕಾವಲಿನಲ್ಲಿ ಮರಗಳು ಉರುಳಿದವು.

ವಿದ್ಯುತ್ತಿಲ್ಲದೆ ದೇಶ ನಡೆಯುವುದೆಂತು, ಆಸ್ಪತ್ರೆಗಳು ನಡೆಯುವುದೆಂತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಹಸ್‌ದೇವ್‌ನ ಜನ ಯಾರ ಮನೆಯ ದೀಪವನ್ನೂ ಆರಿಸಹೊರಟವರಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ತಮಗೆ ಕೊಟ್ಟಿರುವ ಅಧಿಕಾರವನ್ನು ಮನ್ನಿಸಿರೆಂದು ಅವರು ಕೇಳಿದರು. ಅವರ ಕಾಡನ್ನು ಅಗೆದು ತೆಗೆದ ಕಲ್ಲಿದ್ದಲು ರಾಜಸ್ಥಾನದ ಸ್ಥಾವರಗಳಿಗೆ ಹೋಗುತ್ತದೆ. ಬೆಳಕು ಒಬ್ಬರಿಗೆ, ಬೂದಿ ಇನ್ನೊಬ್ಬರಿಗೆ ಎಂಬ ಈ ಲೆಕ್ಕವನ್ನು ಪ್ರಶ್ನಿಸಲು ಅವರು ಕಾಲ್ನಡಿಗೆ, ಧರಣಿಗಳ ದಾರಿಯನ್ನು ಹಿಡಿದರು. ಕಷ್ಟವನ್ನು ತಮ್ಮ ಮೈಮೇಲೆಯೇ ತೆಗೆದುಕೊಂಡರು. ಸತ್ಯಾಗ್ರಹಕ್ಕೆ ನೈತಿಕ ಬಲ ಬರುವುದು ಇಲ್ಲಿಂದಲೇ.

ಕನ್ನಡಿಗರಿಗೆ ಈ ದಾರಿ ಹೊಸದಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡಾಗ ಹುಟ್ಟಿದ್ದೇ ಅಪ್ಪಿಕೋ ಚಳವಳಿ. ಆ ಪರಂಪರೆಯ ವಾರಸುದಾರರು ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ಹಸ್‌ದೇವ್‌ನ ಹೆಂಗಸರನ್ನು ಅಭಿವೃದ್ಧಿಯ ವೈರಿಗಳೆಂದು ಕರೆಯುವುದು ಸಲ್ಲದು. ಎಲ್ಲರೂ ಧರಣಿಗೆ ಕೂರಲಾರರು, ನಿಜ. ಆದರೆ ಸಂಘದ ಭವನದ ಮಾಳಿಗೆಯ ಮೇಲೆ ಸೌರಫಲಕಗಳನ್ನು ಹೂಡಬಹುದು. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಅದೇ ಸಲಹೆಯನ್ನು ಮುಂದಿಡಬಹುದು. ಮತ ಕೇಳಲು ಬಂದವರನ್ನು 2015ರ ನಿಯಮಗಳು ಏನಾದವೆಂದು ವಿಚಾರಿಸಬಹುದು. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣಾ ಶಿಬಿರವನ್ನು ನಡೆಸುವ ಸಂಘಗಳು ತಮ್ಮ ಸದಸ್ಯರ ಉಸಿರಿನ ಸಲುವಾಗಿ ಇಷ್ಟನ್ನು ಕೈಗೊಂಡರೆ, ದೂರದ ಕಾಡಿನಲ್ಲಿ ಮರವನ್ನು ತಬ್ಬಿ ನಿಂತವರಿಗೆ ನಗರವಾಸಿಗಳ ಬೆಂಬಲ ದೊರೆತಂತಾಗುತ್ತದೆ.